ಕಾರಿಗೊಂದು ಮಳೆ ಪುಸ್ತಕ

ಈ ವಾರ ಬ್ಯಾಕಪ್ ವಿಷಯ ಎಂದು ಅಂಕಣಕಾರ ಕಳೆದ ವಾರವೇ ಮಾತು ಕೊಟ್ಟಾಗಿತ್ತು. ಆದರೆ ಕಿಗ್ಗ, ಸಿರಿಮನೆ ಕಡೆ ಮಳೆ ಹಿಡಿದು ಕೂತಿರುವಾಗ ಬ್ಯಾಕಪ್ ಯಾರಿಗೆ ಬೇಕು? ಮಳೆ ತರಿಸುವ ಋಷ್ಯಶೃಂಗನ ಊರಾದ ಕಿಗ್ಗದಲ್ಲಿ ಮಳೆಗೇ ಮೊದಲ ಮಣೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದ ಮನೆಗಳಿಗೆ ಲೆಕ್ಕ ಬರೆದಿಡುವ ಲಾಗರ್ ಹೊಸದೇನಲ್ಲ. ಬೆಳಿಗ್ಗೆ ಅಂಗಳದ ಮಾಪಕದ ನೀರಳೆದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಡೈರಿಗೆ ಏರಿಸುವುದು ಅದೇ ಕೆಲಸ. ಸೆಂಟೆಂದರೆ ಇಂಚಿನ ನೂರನೇ ಒಂದು ಪಾಲು. ಆ ಡೈರಿ ತೆರೆಯಲು ಪಾಸ್‌ವರ್ಡ್ ಬೇಡ, ಕಂಪನಿ ಮುಚ್ಚಿದರೂ ಅದು ಅಟ್ಟದ ಮೇಲೇ ಇರುತ್ತದೆ.

ಕಾರಿನ ಲೆಕ್ಕಕ್ಕೆ ‘ಕಂಪನಿಯ ಆ್ಯಪ್ ಇದೆಯಲ್ಲ ಮಾರಾಯ್ರೇ’ ಎನ್ನುವ ಪಂಥಕ್ಕೆ ಇದು ತಿಳಿಯುವುದಿಲ್ಲ. ಬೆಂಗಳೂರಿನ ರೇವಾ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿಯಿತು. ಅದೇ ಕಂಪನಿ 2009ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ‘ರಿವೈವ್’ ಎಂಬ ಏರ್ಪಾಟು ತೋರಿಸಿತು: ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಫೋನ್ ಮಾಡಿ ಇಲ್ಲವೇ ಎಸ್ಸೆಮ್ಮೆಸ್ ಕಳಿಸಿ, ಬ್ಯಾಟರಿಯಲ್ಲಿ ಅಡಗಿಸಿಟ್ಟ ಮೀಸಲನ್ನು ದೂರದಿಂದಲೇ ಬಿಡಿಸುತ್ತಾರೆ. ಜಾಣತನವೇ ಸರಿ. ಆದರೆ ಲೆಕ್ಕದ ಪುಸ್ತಕ ಮಾಲೀಕನ ಕೈಯಲ್ಲಿಲ್ಲ.

ಟೆಸ್ಲಾ ಕಾರಿನ ಲಾಗರ್ ಆದ ಟೆಸ್ಲಾಮೇಟ್ ಆ ಪುಸ್ತಕವನ್ನು ಮನೆಗೆ ತರುತ್ತದೆ. ಎಲಿಕ್ಸಿರ್‌ನಲ್ಲಿ ಬರೆದ ಮುಕ್ತ ತಂತ್ರಾಂಶ. ಲೆಕ್ಕ ಪೋಸ್ಟ್‌ಗ್ರೆಸ್‌ನಲ್ಲಿ, ಚಿತ್ರ ಗ್ರಫಾನಾದಲ್ಲಿ. ಅದನ್ನು ಡಾಕರ್‌ನಲ್ಲಿ ಓಡಿಸುವುದು ಹೇಗೆಂದು ಇಲ್ಲಿನ ಓದುಗರಿಗೆ ಮತ್ತೆ ಹೇಳಬೇಕಿಲ್ಲ. ಬೇರೆ ಕಾರುಗಳವರು ಸ್ಟಿಯರಿಂಗ್ ಕೆಳಗಿನ ಓಬಿಡಿ ಕಿಂಡಿಗೆ ಡಾಂಗಲ್ ಸಿಕ್ಕಿಸಬೇಕು. ಬ್ಯಾಟರಿಯ ಸಂಕೇತಗಳು ಕಂಪನಿಗೊಂದು ಬಗೆ, ತಾಳ್ಮೆ ಬೇಕು. ಕರೆಂಟ್ ಪದೇ ಪದೇ ಹೋಗುವ ಕಡೆ ಇದನ್ನೆಲ್ಲ ಓಡಿಸಲು ರಾಸ್‌ಬೆರಿ ಪೈಗಿಂತ ಡೆಬಿಯನ್ ಹಾಕಿದ ಹಳೇ ಲ್ಯಾಪ್‌ಟಾಪ್ ವಾಸಿ: ಬ್ಯಾಟರಿ ಸತ್ತಿರದಿದ್ದರೆ ಅದೇ ಯುಪಿಎಸ್, ಎಸ್‌ಡಿ ಕಾರ್ಡ್ ಕೆಡುವ ಭಯವೂ ಇಲ್ಲ.

ಇಷ್ಟಾದರೂ ಟೆಸ್ಲಾಮೇಟ್ ಹೊರಗಿನ ಉಷ್ಣಾಂಶ ಬರೆಯುತ್ತದೆ, ಮಳೆ ಬರೆಯುವುದಿಲ್ಲ! ನೀರು ನಿಂತ ರಸ್ತೆಯಲ್ಲಿ ಟೈರು ನೀರನ್ನೂ ತಳ್ಳಿಕೊಂಡು ಹೋಗಬೇಕು, ಗಾಜಿನ ಮಂಜು ಬಿಡಿಸಲು ಏಸಿ ಓಡಬೇಕು. ಜುಲೈಯಲ್ಲಿ ಮೈಲೇಜ್ ಇಳಿದರೆ ‘ಬ್ಯಾಟರಿ ಮುದಿಯಾಯಿತು’ ಎಂದು ಹೆದರುವವರಿಗೆ ಮದ್ದು ಡೈರಿಯಲ್ಲಿದೆ. ಅದೇ ಡೇಟಾಬೇಸಿನಲ್ಲಿ ಇನ್ನೊಂದು ಟೇಬಲ್ ಮಾಡಿ. ತಾರೀಖು, ಇಂಚು, ಎರಡೇ ಕಾಲಂ.

ಏರಿಳಿತವನ್ನೂ ಕೂಡಿಸಿಕೊಳ್ಳಿ. 1500 ಕೆ.ಜಿ. ಕಾರನ್ನು 100 ಮೀಟರ್ ಮೇಲೆತ್ತಲು ಸುಮಾರು 0.4 ಯೂನಿಟ್ ಬೇಕು. ಇಳಿಜಾರಿನಲ್ಲಿ ಅದರ ಒಂದಷ್ಟು ಬ್ಯಾಟರಿಗೆ ಮರಳುತ್ತದೆ, ಬ್ಯಾಟರಿಯಲ್ಲಿ ಜಾಗವಿದ್ದರೆ. ಆಗುಂಬೆಯಲ್ಲಿ ಪೂರ್ತಿ ತುಂಬಿಸಿಕೊಂಡು ಸೋಮೇಶ್ವರಕ್ಕೆ 14 ತಿರುವು ಇಳಿದರೆ ಮೊದಮೊದಲು ಬರೀ ಬ್ರೇಕ್ ಸವೆತ.

ಬ್ಯಾಕಪ್ ಮುಂದಿನ ವಾರಕ್ಕೆ. ಅದಕ್ಕೂ ಮೊದಲು ಒಂದು ಕೆಲಸವಿದೆ. 2022ರ ಜನವರಿಯಲ್ಲಿ ಜರ್ಮನಿಯ 19ರ ಹುಡುಗ ಡೇವಿಡ್ ಕೊಲಂಬೊ 13 ದೇಶಗಳ 25ಕ್ಕೂ ಹೆಚ್ಚು ಟೆಸ್ಲಾಗಳನ್ನು ತಾನು ದೂರದಿಂದಲೇ ತಲುಪಬಲ್ಲೆ ಎಂದು ಬಯಲು ಮಾಡಿದ. ಮಾಲೀಕರು ಟೆಸ್ಲಾಮೇಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತನ್ನೂ ಈ ಲಾಗ್ ಹೇಳುತ್ತದೆ. ರೂಟರಿನಲ್ಲಿ ಟೆಸ್ಲಾಮೇಟ್, ಗ್ರಫಾನಾಗಳ 4000, 3000 ಪೋರ್ಟುಗಳನ್ನು ಹೊರಗೆ ಬಿಟ್ಟಿದ್ದವರು ಇವತ್ತು ರಾತ್ರಿಯೊಳಗೆ ಮುಚ್ಚಿ.