ಕ್ರ್ಯಾಂಕಿನ ಚೆಲುವು ಅದರ ಮೂಲೆಗಳಲ್ಲಿ

ಒಳ್ಳೆಯ ಕ್ರ್ಯಾಂಕ್‌ಶಾಫ್ಟನ್ನು ಕಣ್ತುಂಬ ನೋಡುವುದಿದ್ದರೆ ಎಂಜಿನ್ನಿಗೆ ಕೂರಿಸುವ ಮೊದಲೇ ನೋಡಬೇಕು. ಆಮೇಲೆ ಅದರ ಬಾಳೆಲ್ಲ ಎಣ್ಣೆಯ ಕತ್ತಲಲ್ಲಿ. ಎರಡು ವಿ-ಬ್ಲಾಕ್‌ಗಳ ಮೇಲೆ ಮಲಗಿಸಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಬ್ಲಾಕಿನ ಬೇರಿಂಗ್‌ಗಳಲ್ಲಿ ಕೂರುವ ಮೇನ್ ಜರ್ನಲ್‌ಗಳು ಇದ್ದಲ್ಲೇ ಸುತ್ತುತ್ತವೆ, ಪಿಸ್ಟನ್ನಿನ ರಾಡ್ ಹಿಡಿಯುವ ರಾಡ್ ಜರ್ನಲ್‌ಗಳು ಅವುಗಳ ಅಕ್ಷಕ್ಕೆ ಪ್ರದಕ್ಷಿಣೆ ಹಾಕುತ್ತವೆ, ಕೌಂಟರ್‌ವೇಟ್‌ಗಳು ಎದುರು ಬದಿಗೆ ವಾಲಿ ಲೆಕ್ಕ ಸರಿದೂಗಿಸುತ್ತವೆ. ನಡುವಿನ ಮೇನ್ ಜರ್ನಲ್‌ಗೆ ತಾಗಿಸಿದ ಡಯಲ್ ಗೇಜಿನ ಮುಳ್ಳು ಮಾತ್ರ ಅಲ್ಲಾಡುವುದೇ ಇಲ್ಲ. ಇಷ್ಟು ಸೊಟ್ಟಪಟ್ಟ ಕಾಣುವ ವಸ್ತು ಇಷ್ಟು ನೆಟ್ಟಗಿದೆಯಲ್ಲ ಎಂಬ ಬೆರಗಿನಿಂದಲೇ ಇದರ ಸವಿ ಶುರು.

ಕ್ರ್ಯಾಂಕನ್ನು ಹುಡುಕಿ, ತೂಗಿ ನೋಡಿ, ಆರಿಸಿಕೊಳ್ಳುವುದನ್ನು ಒಂದು ಸಂಸ್ಕೃತಿಯಾಗಿಯೇ ಬೆಳೆಸಿದವರು ಅಮೆರಿಕದ ಹಾಟ್ ರಾಡ್ ಮಂದಿ. ಅವರ ಅಚ್ಚುಮೆಚ್ಚಿನದು 1955ರಲ್ಲಿ ಬಂದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8. 1967ರ ಹೊತ್ತಿಗೆ ಅದು 350 ಘನ ಅಂಗುಲಕ್ಕೆ ಬೆಳೆದಿತ್ತು, ಸ್ಟ್ರೋಕ್, ಎಂದರೆ ಪಿಸ್ಟನ್ ಓಡುವ ದೂರ, 3.48 ಅಂಗುಲ. ಅದೇ ಬ್ಲಾಕಿನ ಬೋರನ್ನು (ಸಿಲಿಂಡರಿನ ವ್ಯಾಸವನ್ನು) 0.030 ಅಂಗುಲ ಹಿಗ್ಗಿಸಿ, 3.75 ಅಂಗುಲ ಸ್ಟ್ರೋಕಿನ ಕ್ರ್ಯಾಂಕ್ ಇಳಿಸಿದರೆ 383 ಘನ ಅಂಗುಲದ ಹೆಸರಾಂತ ‘ಸ್ಟ್ರೋಕರ್’ ಸಿದ್ಧ. ಹಿಂದೆ ಇದಕ್ಕೆ ದೊಡ್ಡ 400 ಎಂಜಿನ್ನಿನ ಕ್ರ್ಯಾಂಕನ್ನೇ ತಂದು, ಅದರ 2.65 ಅಂಗುಲದ ಮೇನ್ ಜರ್ನಲ್‌ಗಳನ್ನು 2.45ಕ್ಕೆ ಗ್ರೈಂಡ್ ಮಾಡಿಸುತ್ತಿದ್ದರು. ಈಗ ಒಹಾಯೋದ ಕ್ಯಾಲೀಸ್, ಕ್ಯಾಲಿಫೋರ್ನಿಯಾದ ಸ್ಕ್ಯಾಟ್‌ನಂಥವರು ಅಳತೆಗೆ ತಕ್ಕಂತೆ ಮಾಡಿದ್ದನ್ನೇ ಮಾರುತ್ತಾರೆ.

ಕ್ರ್ಯಾಂಕಿನ ಮೇಲೆ ಬೀಳುವ ಹೊರೆಯೇನು? 4 ಅಂಗುಲದ ಬೋರಿನಲ್ಲಿ ಉರಿಯುವ ಅನಿಲದ ಒತ್ತಡ 100 ಬಾರ್ ಮುಟ್ಟಿದರೆ ಪಿಸ್ಟನ್ನಿನ ನೆತ್ತಿಗೆ ಬೀಳುವುದು ಸುಮಾರು 8 ಟನ್. 7000 ಆರ್‌ಪಿಎಮ್‌ನಲ್ಲಿ ಒಂದೊಂದು ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 58 ಸಲ. ಟರ್ಬೊ ಸೇರಿಸಿದರೆ ಇನ್ನೂ ಹೆಚ್ಚು. ಪ್ರತಿ ಏಟಿಗೂ ಕ್ರ್ಯಾಂಕ್ ಕೊಂಚ ಬಾಗುತ್ತದೆ, ಕೊಂಚ ತಿರುಚಿಕೊಳ್ಳುತ್ತದೆ, ಮರಳಿ ನೆಟ್ಟಗಾಗುತ್ತದೆ. ಸಾಮಾನ್ಯವಾಗಿ ಅದು ಮುರಿಯುವುದು ಒಂದು ದೊಡ್ಡ ಏಟಿಗಲ್ಲ, ಲಕ್ಷಗಟ್ಟಲೆ ಸಣ್ಣ ಬಾಗುಗಳ ದಣಿವಿಗೆ.

ಆ ದಣಿವನ್ನು ತಾಳುವ ಶಕ್ತಿ ಮೊದಲು ತಯಾರಿಸಿದ ಬಗೆಯಲ್ಲಿದೆ. ಎರಕದ ಕ್ರ್ಯಾಂಕಿನ ಮೈಮೇಲೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ ದಾರದಷ್ಟು ತೆಳ್ಳಗಿರುತ್ತದೆ. ಫೋರ್ಜ್ ಮಾಡಿದ್ದರಲ್ಲಿ ಅದು ಬೆರಳಗಲದ ಪಟ್ಟಿ. ಆ ಪಟ್ಟಿ ಕಂಡರೆ, ಕೆಂಪಗೆ ಕಾದ ಉಕ್ಕನ್ನು ಅಚ್ಚಿನಲ್ಲಿಟ್ಟು ಬಡಿದಿದ್ದಾರೆ, ಲೋಹದ ಎಳೆಗಳು ತಿರುವಿನ ಜೊತೆಗೇ ತಿರುಗಿವೆ ಎಂದು ತಿಳಿಯಬಹುದು. ಹಿಂದೆ ನಾಲ್ಕು ಥ್ರೋಗಳನ್ನೂ (ರಾಡ್ ಜರ್ನಲ್ ಇರುವ ತಿರುವುಗಳನ್ನೂ) ಒಂದೇ ಮಟ್ಟದಲ್ಲಿ ಬಡಿದು, ಬಿಸಿಯಿರುವಾಗಲೇ ತಿರುಚಿ 90 ಡಿಗ್ರಿಗೆ ತರುತ್ತಿದ್ದರು. ಈಗಿನ ‘ನಾನ್-ಟ್ವಿಸ್ಟ್’ ಕ್ರ್ಯಾಂಕ್‌ಗಳಲ್ಲಿ ಥ್ರೋಗಳು ತಮ್ಮ ತಮ್ಮ ಕೋನದಲ್ಲೇ ರೂಪುಗೊಳ್ಳುತ್ತವೆ. ತಿರುಚಿದ ಒತ್ತಡ ಒಳಗೆ ಉಳಿಯುವುದಿಲ್ಲ. ಬಿಲ್ಲೆಟ್ ಎಂದರೆ ದಪ್ಪ ಉಕ್ಕಿನ ದಿಂಡಿನಿಂದ ಕೊರೆದು ತೆಗೆದದ್ದು. ಬೇಕಾದ ಸ್ಟ್ರೋಕ್ ಸಿಗುತ್ತದೆ, ಬೆಲೆ ಮಾತ್ರ ಹಲವು ಪಟ್ಟು. ಫೋರ್ಜಿಂಗಿನಲ್ಲಿ ಗೌರವದ ಹೆಸರು 4340: ಸುಮಾರು ಶೇ. 0.4 ಇಂಗಾಲ, ಶೇ. 1.8 ನಿಕ್ಕಲ್, ಶೇ. 0.8 ಕ್ರೋಮಿಯಂ, ಚೂರು ಮಾಲಿಬ್ಡಿನಂ. ನಮ್ಮ ಪೀಣ್ಯದ ಮಶೀನ್ ಶಾಪುಗಳಲ್ಲಿ ಇಎನ್24 ಎಂದು ಕರೆಯುವ ಉಕ್ಕು ಇದರ ಹತ್ತಿರದ ನೆಂಟ.

ಆದರೆ ಉಕ್ಕಿನ ಹೆಸರಿಗೇ ಮನಸೋತು ನಿಂತರೆ ಅರ್ಧವನ್ನಷ್ಟೇ ನೋಡಿದಂತೆ. ಬಾಳಿಕೆಯ ಗುಟ್ಟಿರುವುದು ಜರ್ನಲ್ ಮುಗಿದು ಪಕ್ಕದ ಗೋಡೆ ಏಳುವ ಮೂಲೆಯಲ್ಲಿ, ಫಿಲೆಟ್ಟಿನಲ್ಲಿ. ಹಲಸಿನ ಕೊಂಬೆ ಕಾಂಡಕ್ಕೆ ಕೂಡುವ ಕಡೆ ಹೇಗೆ ದುಂಡಗೆ ತುಂಬಿಕೊಂಡಿರುತ್ತದೋ ಹಾಗಿರಬೇಕು ಆ ಮೂಲೆ. ಚೂಪಾಗಿದ್ದರೆ ಬಾಗಿನ ಒತ್ತಡವೆಲ್ಲ ಒಂದೇ ಗೆರೆಗೆ ಬಂದು ಸೇರಿ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಳ್ಳೆಯ ರೇಸಿಂಗ್ ಕ್ರ್ಯಾಂಕ್‌ಗಳಲ್ಲಿ ಈ ದುಂಡಿನ ತ್ರಿಜ್ಯ 0.125 ಅಂಗುಲ, ಎಂದರೆ ಸುಮಾರು 3.2 ಮಿ.ಮೀ. ಬೆರಳ ತುದಿಯನ್ನು ಜರ್ನಲ್ ಮೇಲಿಂದ ಗೋಡೆಯತ್ತ ಜಾರಿಸಿ ನೋಡಿ. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಯಿತು ಎಂದು ಬೆರಳಿಗೆ ತಿಳಿಯಬಾರದು. ಈ ದುಂಡಿಗಾಗಿ ಬೇರಿಂಗೂ ತನ್ನ ಅಂಚನ್ನು ಓರೆಯಾಗಿ ಬಿಟ್ಟುಕೊಡಬೇಕು. ಅಂಥ ಚಾಂಫರ್ ಇಲ್ಲದ ಬೇರಿಂಗ್ ಹಾಕಿದರೆ ಅಂಚು ಫಿಲೆಟ್ಟನ್ನು ಉಜ್ಜುತ್ತದೆ.

ಫಿಲೆಟ್ಟಿಗೆ ಬೆನ್ನಾಗಿ ನಿಲ್ಲುವುದು ಓವರ್‌ಲ್ಯಾಪ್. ಕ್ರ್ಯಾಂಕನ್ನು ತುದಿಯಿಂದ ನೋಡಿದಾಗ ಮೇನ್ ಜರ್ನಲಿನ ವೃತ್ತವೂ ರಾಡ್ ಜರ್ನಲಿನ ವೃತ್ತವೂ ಒಂದರ ಮೇಲೊಂದು ಹಾಯುವ ಉಕ್ಕಿನ ಭಾಗ ಅದು. ಎರಡು ವ್ಯಾಸಗಳನ್ನು ಕೂಡಿ, ಸ್ಟ್ರೋಕನ್ನು ಕಳೆದು, ಅರ್ಧ ಮಾಡಿದರೆ ಅಳತೆ ಸಿಗುತ್ತದೆ. 2.10 ಅಂಗುಲದ ರಾಡ್ ಜರ್ನಲಿರುವ 350ರಲ್ಲಿ ಇದು 0.535 ಅಂಗುಲ, 383ಕ್ಕೆ ಬಂದರೆ 0.40. ಸ್ಟ್ರೋಕ್ ಕೊಟ್ಟ ಟಾರ್ಕಿಗೆ ಕ್ರ್ಯಾಂಕ್ ತನ್ನ ಸೊಂಟವನ್ನೇ ಸಣ್ಣ ಮಾಡಿಕೊಂಡು ಬೆಲೆ ತೆತ್ತಿದೆ. ಸ್ಟ್ರೋಕ್ ಬೆಳೆದಷ್ಟೂ ಉಕ್ಕಿನ ಗುಣಕ್ಕೂ ಮೂಲೆಯ ದುಂಡಿಗೂ ಬೇಡಿಕೆ ಏರುವುದು ಇದರಿಂದಲೇ.

ಕೊನೆಯ ಸಂಸ್ಕಾರ ನೈಟ್ರೈಡಿಂಗ್. ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಮೋನಿಯಾದಿಂದ ಬಿಡುಗಡೆಯಾದ ಸಾರಜನಕ ಉಕ್ಕಿನ ತೊಗಲಿನೊಳಗೆ ಇಳಿಯುತ್ತದೆ. ಮೇಲ್ಮೈ ಗಡುಸಾಗುವುದಷ್ಟೇ ಅಲ್ಲ, ತನ್ನೊಳಗೇ ಬಿಗಿದುಕೊಳ್ಳುತ್ತದೆ. ಬಿರುಕಿಗೆ ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಆ ತೊಗಲು ತೆಳು. ಮುಂದೊಮ್ಮೆ ಆಳವಾಗಿ ರೀಗ್ರೈಂಡ್ ಮಾಡಿಸಿದರೆ ನೈಟ್ರೈಡಿಂಗನ್ನೂ ಮತ್ತೆ ಮಾಡಿಸಬೇಕು.

ತೂಕದ ವಿಷಯದಲ್ಲೂ ನಾಜೂಕಿದೆ. 400ರ ಕಾರ್ಖಾನೆ ಕ್ರ್ಯಾಂಕಿಗೆ ಸಾಲದ ತೂಕವನ್ನು ಹೊರಗೆ, ಡ್ಯಾಂಪರಿಗೂ ಫ್ಲೈವೀಲಿಗೂ ಕಟ್ಟಿದ್ದರು. ವೇಗ ಏರಿದಾಗ ತುದಿಗಳ ಆ ಭಾರ ಕ್ರ್ಯಾಂಕನ್ನೇ ಬಾಗಿಸುತ್ತದೆ. ಅದಕ್ಕೇ ಬಲ್ಲವರು ತೂಕ ಒಳಗೇ ಇರಲಿ ಎನ್ನುತ್ತಾರೆ. ಜಾಗ ಸಾಲದಿದ್ದರೆ ಉಕ್ಕಿನ ಎರಡು ಪಟ್ಟಿಗಿಂತ ಹೆಚ್ಚು ಸಾಂದ್ರವಾದ ಟಂಗ್‌ಸ್ಟನ್ ಮಿಶ್ರಲೋಹದ ತುಂಡುಗಳನ್ನು ಕೌಂಟರ್‌ವೇಟಿಗೆ ಅಕ್ಷದ ಗುಂಟ ಕೂರಿಸುತ್ತಾರೆ. ಅಡ್ಡಲಾಗಿ ಕೂರಿಸಿದರೆ ಸುತ್ತುವ ರಭಸಕ್ಕೆ ಹಾರಿಹೋದಾವು.

ಹಳೆಯ ಕೈಗಳು ಕ್ರ್ಯಾಂಕನ್ನು ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತವೆ. ದನಿ ಉದ್ದಕ್ಕೆ ಅನುರಣಿಸಿದರೆ ಸಮಾಧಾನ, ಠಪ್ಪೆಂದು ಸತ್ತರೆ ಬಿರುಕಿನ ಅನುಮಾನ. ಅಂತಿಮ ತೀರ್ಪು ಮಾತ್ರ ಮ್ಯಾಗ್ನಾಫ್ಲಕ್ಸಿನದು: ಕಾಂತೀಯಗೊಳಿಸಿದ ಉಕ್ಕಿನ ಮೇಲೆ ಹೊಳೆಯುವ ಕಬ್ಬಿಣದ ಪುಡಿ ಬಿರುಕಿನ ಗುಂಟ ಸಾಲುಗಟ್ಟಿ, ನೇರಳಾತೀತ ಬೆಳಕಿನಲ್ಲಿ ಅದನ್ನು ಹಿಡಿದುಕೊಡುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕಾವ್ಯಕ್ಕೆ ಔಚಿತ್ಯವೇ ಜೀವ ಎಂದ 11ನೇ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಇಲ್ಲಿಯೂ ಒಳ್ಳೆಯ ಸಲಹೆಗಾರ. ವಾರಾಂತ್ಯಕ್ಕೆ ಓಡಿಸುವ, ಟರ್ಬೊ ಇಲ್ಲದ ಸಾಧಾರಣ 383ಕ್ಕೆ ಬಿಲ್ಲೆಟ್ ಹಾಕುವುದು ಆಡಂಬರ. ಸೂಪರ್‌ಚಾರ್ಜರ್ ಏರಿಸಿ ಎರಕದ ಕ್ರ್ಯಾಂಕಿನಲ್ಲೇ ಉಳಿತಾಯ ಮಾಡುವುದು ದುಡುಕು. ಬಹುತೇಕ ಬಲಿಷ್ಠ ಎಂಜಿನ್‌ಗಳಿಗೆ ಒಪ್ಪುವುದು ಇವೆರಡರ ನಡುವಿನದು: 4340ರ ನಾನ್-ಟ್ವಿಸ್ಟ್ ಫೋರ್ಜಿಂಗ್, ಜೊತೆಗೆ ತಿರುಚಿನ ಕಂಪನವನ್ನು ನುಂಗುವ ಒಳ್ಳೆಯ ಡ್ಯಾಂಪರ್. ಜಾಹೀರಾತಿನ ಕುದುರೆಶಕ್ತಿಯ ಅಂಕಿಯನ್ನು ಪಕ್ಕಕ್ಕಿಟ್ಟು ಮಾರುವವನನ್ನು ಕೇಳಿ: ಫಿಲೆಟ್ಟಿನ ತ್ರಿಜ್ಯ ಎಷ್ಟು, ನೈಟ್ರೈಡ್ ಆಗಿದೆಯೇ, ರನ್‌ಔಟ್ (ಡಯಲ್ ಗೇಜಿನ ಮುಳ್ಳಿನ ಅಲ್ಲಾಟ) ಎಷ್ಟು, ತೂಕ ಒಳಗೋ ಹೊರಗೋ? ಅಳತೆಯಲ್ಲಿ ಉತ್ತರಿಸುವವನಿಂದ ಕೊಳ್ಳಿ. ಬರೀ ಹೊಗಳಿಕೆಯಲ್ಲಿ ಉತ್ತರಿಸುವವನಿಗೆ ನಮಸ್ಕಾರ ಹೇಳಿ ಬನ್ನಿ.