ಕಾಡು ನುಂಗಿದ್ದು ಯಾರನ್ನು? (ಆಂಗ್ಕೋರ್ ಪ್ರವಾಸಕಥನಗಳನ್ನು ಓದುತ್ತ)

ಕಾಂಬೋಡಿಯಾದ ಆಂಗ್ಕೋರಿನ ಬಗ್ಗೆ ಬಂದಿರುವ ಪ್ರವಾಸಕಥನಗಳಲ್ಲಿ ಬಹುಪಾಲು ಒಂದೇ ಚಿತ್ರದ ಸುತ್ತ ತಿರುಗುತ್ತವೆ: ದಟ್ಟ ಕಾಡು, ಅದರ ನಡುವೆ ಮೌನವಾಗಿ ನಿಂತ ಕಲ್ಲಿನ ಗೋಪುರ, ಗೋಡೆಯನ್ನು ಅಪ್ಪಿ ಹಿಡಿದ ಮರದ ಬೇರು, ಇವನ್ನೆಲ್ಲ ತಾನೇ ಮೊದಲು ಕಂಡವನಂತೆ ಬೆರಗಾಗಿ ನಿಂತ ಒಬ್ಬ ಪ್ರವಾಸಿ. ಚಿತ್ರ ಮೋಹಕವಾಗಿದೆ, ನಿಜ. ಆದರೆ ಅದರಲ್ಲಿ ಊರಿನವರು ಯಾರೂ ಇಲ್ಲ. ಈ ಲೇಖನದಲ್ಲಿ ನಾನು ಕೇಳಬಯಸುವುದು ಇಷ್ಟೇ: ಊರನ್ನು ಕಾಡು ನುಂಗಿತೋ, ಊರಿನವರನ್ನು ಬರಹ ನುಂಗಿತೋ?

ನಾನು ಪಂಡಿತನಲ್ಲ. ಬಿ.ಎ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಅಂಕಿಗಳ ನಡುವೆ ದಿನ ಕಳೆಯುವವನು. ಫ್ರೆಂಚ್ ಮತ್ತು ಚೀನೀ ಬರಹಗಳನ್ನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ಕೂಡಿಟ್ಟ ಹಣದಲ್ಲಿ ಐದು ದಿನ ಆ ದೇವಾಲಯಗಳ ನಡುವೆ ತಿರುಗಿಯೂ ಬಂದಿದ್ದೇನೆ. ಓದಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದ ಕಡೆಗಳಲ್ಲಿ ಈ ವಿಚಾರ ಹುಟ್ಟಿತು.

ಆಂಗ್ಕೋರನ್ನು 'ಕಂಡುಹಿಡಿದವನು' ಎಂದು ಸಾಮಾನ್ಯವಾಗಿ ಹೆಸರಿಸುವುದು ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ಹೆನ್ರಿ ಮುವೊನನ್ನು. ಆತ ಅಲ್ಲಿಗೆ ಹೋದದ್ದು 1860ರ ಜನವರಿಯಲ್ಲಿ. ಮರುವರ್ಷ ನವೆಂಬರಿನಲ್ಲಿ ಲಾವೋಸಿನಲ್ಲಿ ಜ್ವರದಿಂದ ತೀರಿಕೊಂಡ. ಅವನ ದಿನಚರಿ 1863ರಲ್ಲಿ ಪ್ಯಾರಿಸಿನ ಪತ್ರಿಕೆಯೊಂದರಲ್ಲೂ 1864ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿಯೂ ಬಂತು. ಕಂಡುಹಿಡಿದೆನೆಂದು ಹೇಳಿಕೊಳ್ಳದಷ್ಟು ಪ್ರಾಮಾಣಿಕತೆ ಅವನಿಗಿತ್ತು. ಅವನಿಗಿಂತ ಹತ್ತು ವರ್ಷ ಮೊದಲೇ ಬೂಯಿವೊ ಎಂಬ ಫ್ರೆಂಚ್ ಪಾದ್ರಿ ಅಲ್ಲಿಗೆ ಹೋಗಿದ್ದ. 1632ರಲ್ಲಿ ಬಂದ ಜಪಾನೀ ಯಾತ್ರಿಕನೊಬ್ಬ ಆಂಗ್ಕೋರ್ ವಾಟ್‌ನ ಕಂಬದ ಮೇಲೆ ತನ್ನ ಬರಹ ಬಿಟ್ಟುಹೋಗಿದ್ದಾನೆ. 1586ರಲ್ಲಿ ಪೋರ್ಚುಗೀಸ್ ಸನ್ಯಾಸಿಯೊಬ್ಬ ನೋಡಿ ಬೆರಗಾಗಿದ್ದ. ಇವರೆಲ್ಲ ಪರದೇಶದವರು. ಖ್ಮೇರರು ಅದನ್ನು ಎಂದೂ ಮರೆತವರೇ ಅಲ್ಲ. ರಾಜಧಾನಿ ದಕ್ಷಿಣಕ್ಕೆ ಹೋದ ಮೇಲೂ, 1546ರಿಂದ 1564ರ ನಡುವೆ, ಅವರ ಅರಸರು ಆ ದೇವಾಲಯದ ಪೂರ್ತಿಯಾಗದೆ ಉಳಿದಿದ್ದ ಗೋಡೆಗಳಲ್ಲಿ ಉಬ್ಬುಶಿಲ್ಪ ಕೆತ್ತಿಸಿದರು. ವಿಷ್ಣುವಿಗಾಗಿ ಕಟ್ಟಿದ ಗುಡಿ ಬುದ್ಧನದಾಯಿತು. ಬಿಕ್ಷುಗಳು ಅಲ್ಲಿಯೇ ಉಳಿದರು.

ಮುವೊನ ಬರಹದ ಬಲ ಅವನ ರೇಖಾಚಿತ್ರಗಳಲ್ಲಿ, ಅಳತೆಗಳಲ್ಲಿ ಇದೆ. ದೌರ್ಬಲ್ಯ ಅವನ ತೀರ್ಮಾನದಲ್ಲಿದೆ. ಇಷ್ಟು ದೊಡ್ಡದನ್ನು ಕಟ್ಟಿದವರು ಬೇರೆ, ಈಗ ಇಲ್ಲಿ ಇರುವವರು ಬೇರೆ ಎಂಬ ಭಾವ ಅವನ ಪುಟಗಳಲ್ಲಿ ಹರಡಿದೆ. ಕಲ್ಲಿಗೆ ಗ್ರೀಸ್ ಮತ್ತು ರೋಮಿನ ಜೊತೆ ಹೋಲಿಕೆ, ಮನುಷ್ಯರಿಗೆ ಅನಾಗರಿಕರೆಂಬ ಹೆಸರು. ಮುಂದಿನವರೆಲ್ಲ ಅವನಿಂದ ಸಾಲ ಪಡೆದದ್ದು ಈ ಭಾವವನ್ನೇ.

ಆ ಸಾಲವನ್ನು ಬಡ್ಡಿ ಸಮೇತ ಬೆಳೆಸಿದವನು ಕಾದಂಬರಿಕಾರ ಆಂದ್ರೆ ಮಾಲ್ರೋ. ಬಂತೇ ಸ್ರೇ ಎಂಬ ಸಣ್ಣ ಗುಡಿಯಿದೆ. 967ರಲ್ಲಿ ಪ್ರತಿಷ್ಠೆಯಾದದ್ದು, ಕಟ್ಟಿಸಿದವನು ಅರಸನಲ್ಲ, ಯಜ್ಞವರಾಹನೆಂಬ ವಿದ್ವಾಂಸ. ನಸುಗೆಂಪು ಮರಳುಗಲ್ಲಿನಲ್ಲಿ ಮರದ ಕುಸುರಿಯಷ್ಟು ಸೂಕ್ಷ್ಮವಾದ ಕೆತ್ತನೆ. 1923ರ ಡಿಸೆಂಬರಿನಲ್ಲಿ ಇಪ್ಪತ್ತೆರಡು ವರ್ಷದ ಮಾಲ್ರೋ ಗೆಳೆಯನೊಡನೆ ಅಲ್ಲಿಗೆ ಹೋಗಿ, ಮಾರುವ ಉದ್ದೇಶದಿಂದ ಶಿಲ್ಪಗಳನ್ನು ಕಳಚಿ ಸಾಗಿಸಿ ನೊಂಪೆನ್‌ನಲ್ಲಿ ಸಿಕ್ಕಿಬಿದ್ದ. 1924ರಲ್ಲಿ ಮೂರು ವರ್ಷದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಇಳಿದು, ಜೈಲಿಗೆ ಹೋಗದೆ ಪಾರಾದ. ಇದೇ ಅನುಭವ 1930ರಲ್ಲಿ 'ರಾಜಮಾರ್ಗ' ಎಂಬ ಅರ್ಥದ ಹೆಸರಿನ ಕಾದಂಬರಿಯಾಯಿತು.

ಕಾದಂಬರಿ ದುರ್ಬಲವಾದುದೇನಲ್ಲ. ಕೊಳೆಯುವ ಎಲೆ, ಹರಿದಾಡುವ ಹುಳ, ಉಸಿರುಗಟ್ಟಿಸುವ ಸೆಕೆ ಓದುವವನ ಮೈಗೆ ಅಂಟಿಕೊಳ್ಳುತ್ತವೆ. ಸಾವನ್ನು ಎದುರಿಸುವ ಪರ್ಕೆನ್ ನೆನಪಿನಲ್ಲಿ ಉಳಿಯುವ ಪಾತ್ರ. ಆದರೆ ಅಲ್ಲಿನ ಕಾಡು ಯುರೋಪಿನ ಇಬ್ಬರು ಗಂಡಸರ ಧೈರ್ಯವನ್ನು ಅಳೆಯುವ ಕೋಲು ಮಾತ್ರ. ಆ ನೆಲದ ಜನ ಒಂದೋ ಹೊರೆ ಹೊರುವ ಕೂಲಿಗಳು, ಇಲ್ಲವೋ ಭಯ ಹುಟ್ಟಿಸುವ ಕಾಡುಜನ. ಹಾಳುಬಿದ್ದದ್ದು ಯಾರದೂ ಅಲ್ಲ ಎಂಬ ನಂಬಿಕೆ ಕಾದಂಬರಿಯ ಬೆನ್ನೆಲುಬು. ಬಂತೇ ಸ್ರೇಯ ಕಲ್ಲನ್ನು ಕಳಚಿದ ಕೈಯನ್ನು ನಡೆಸಿದ್ದೂ ಅದೇ ನಂಬಿಕೆ. ಸಾಹಿತ್ಯದ ಒಂದು ಚಿತ್ರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಇವರಿಬ್ಬರಿಗಿಂತ ಆರು ಶತಮಾನ ಹಿಂದಿನ ಝೌ ದಾಗುವಾನ್ ನನಗೆ ಹೆಚ್ಚು ಆಪ್ತನಾಗಿ ಕಾಣುತ್ತಾನೆ. ಚೀನಾದ ರಾಯಭಾರಿ ತಂಡದೊಡನೆ 1296ರಲ್ಲಿ ಬಂದು ಸುಮಾರು ಒಂದು ವರ್ಷ ಅಲ್ಲಿದ್ದವನು. ಅವನಲ್ಲಿ ಕಾವ್ಯವಿಲ್ಲ. ಊಟ, ಬಟ್ಟೆ, ಹೆರಿಗೆ, ವ್ಯಾಜ್ಯ, ಬೆಳೆ ಎಂದು ಸಣ್ಣ ಸಣ್ಣ ಪ್ರಕರಣಗಳು. ವ್ಯಾಪಾರವೆಲ್ಲ ಹೆಂಗಸರ ಕೈಯಲ್ಲಿದೆ ಎನ್ನುತ್ತಾನೆ. ಅಂಗಡಿಗಳಿಲ್ಲ, ನೆಲಕ್ಕೆ ಚಾಪೆ ಹಾಸಿ ಕೂರುತ್ತಾರೆ, ಆ ಜಾಗಕ್ಕೆ ಅಧಿಕಾರಿಗಳಿಗೆ ಬಾಡಿಗೆ ಕೊಡಬೇಕು. ಸಣ್ಣ ವ್ಯವಹಾರಕ್ಕೆ ಅಕ್ಕಿ, ದೊಡ್ಡದಕ್ಕೆ ಬೆಳ್ಳಿ ಬಂಗಾರ. ಅವನಲ್ಲೂ ತಾತ್ಸಾರವಿದೆ, ಕೇಳಿದ್ದನ್ನೆಲ್ಲ ನಂಬುವ ಸ್ವಭಾವವಿದೆ. ಆದರೂ ಆ ಜನ ಎಣಿಸುವ ರೀತಿಯನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟಿದ್ದಾನೆ: ಐದರವರೆಗೆ ಎಣಿಸಿ, ಮುಂದೆ 'ಐದು-ಒಂದು', 'ಐದು-ಎರಡು' ಎನ್ನುತ್ತಾರೆ. ಸಿಯೆಮ್ ರೀಪಿನ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸು ಆರಕ್ಕೆ 'ಪ್ರಾಂ ಮುಯ್' ಎಂದಾಗ, ಅದು ಅದೇ ಐದು-ಒಂದು ಎಂದು ನನಗೆ ತಿಳಿದದ್ದು ಝೌನ ದೆಸೆಯಿಂದ. ಏಳುನೂರು ವರ್ಷಗಳ ಉಳಿವನ್ನು ಒಂದು ಸಂಖ್ಯಾವಾಚಕದಲ್ಲಿ ತೋರಿಸಬಲ್ಲ ಬರಹ ಸಣ್ಣದೇ?

ಈಗ ಎಲ್ಲ ಪ್ರವಾಸಿಗರೂ ಚಿತ್ರ ತೆಗೆಸಿಕೊಳ್ಳುವ ತಾ ಪ್ರೋಮ್‌ಗೆ ಬರೋಣ. ಬೇರುಗಳು ಗೋಡೆಯನ್ನು ಬಳಸಿರುವುದು ಇಲ್ಲಿಯೇ. ಈ ಕಾಡು ಕೂಡ ಅರ್ಧ ಯೋಜಿತವಾದುದು. ಉಳಿದ ಗುಡಿಗಳನ್ನು ತೆರವು ಮಾಡಿದ ಫ್ರೆಂಚ್ ಸಂಸ್ಥೆ, ಮೊದಲು ಕಂಡವರಿಗೆ ಹೇಗಿತ್ತೆಂದು ತೋರಿಸಲು ಇದನ್ನು ಬೇಕೆಂದೇ ಹಾಗೆ ಬಿಟ್ಟಿತು. ಏಳನೆಯ ಜಯವರ್ಮನು ತಾಯಿಯ ನೆನಪಿಗಾಗಿ ಕಟ್ಟಿಸಿದ ಈ ವಿಹಾರದ ಸಂಸ್ಕೃತ ಶಾಸನ 1186ರದು. ಪದ್ಯದಲ್ಲಿ ಬರೆದ ಲೆಕ್ಕಪತ್ರ ಅದು! 3,140 ಹಳ್ಳಿಗಳು, ಸೇವೆಗೆ ಸೇರಿದ 79,365 ಜನ, 615 ನರ್ತಕಿಯರು. ಅರಸನ ಶಾಸನದ ಅಂಕಿಗಳಲ್ಲಿ ಹೊಗಳಿಕೆಯ ಪಾಲೂ ಇರಬಹುದು. ಆದರೂ ಮೌನಕ್ಕೆ ಮಾದರಿಯೆಂದು ಹೆಸರಾದ ಜಾಗ ಜನರ ಗದ್ದಲದಿಂದ ತುಂಬಿತ್ತೆಂಬುದರಲ್ಲಿ ಸಂಶಯವಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಭಾಷೆಯದು. ಆ ನಾಡಿನ ಎಷ್ಟೋ ಶಾಸನಗಳಲ್ಲಿ ಒಂದೇ ಕಲ್ಲಿನ ಮೇಲೆ ಎರಡು ನುಡಿಗಳಿವೆ. ದೇವರ, ಅರಸನ ಸ್ತುತಿ ಸಂಸ್ಕೃತದಲ್ಲಿ. ಕೊಟ್ಟ ಗದ್ದೆ, ಅದರ ಎಲ್ಲೆ, ದುಡಿಯುವ ಆಳುಗಳ ಹೆಸರು ಖ್ಮೇರಿನಲ್ಲಿ. ಕಾಲ ನಮೂದಾದ ಖ್ಮೇರ್ ಶಾಸನಗಳಲ್ಲಿ ಅತ್ಯಂತ ಹಳೆಯದು 611ರದು; ಅದೂ ದೇವರಿಗೆ ಒಪ್ಪಿಸಿದ ಆಳುಗಳ ಪಟ್ಟಿಯೇ. ಇಂಥ ಪಟ್ಟಿಗಳಲ್ಲಿ ಹೂವಿನ ಹೆಸರಿನ ಹೆಂಗಸರಿದ್ದಾರೆ; ನಾಯಿ, ಬೆಕ್ಕು ಎಂದು ಹೀನವಾಗಿ ಕರೆಸಿಕೊಂಡವರೂ ಇದ್ದಾರೆ. ಸಂಸ್ಕೃತ ಪದ್ಯಗಳ ಛಂದಸ್ಸನ್ನು ಮೆಚ್ಚುವವರು ಮೆಚ್ಚಲಿ. ನನ್ನ ಮಟ್ಟಿಗೆ ಆ ಕಲ್ಲುಗಳ ಸಾಹಿತ್ಯ ಈ ಪಟ್ಟಿಗಳಲ್ಲಿದೆ. ಅರಸನ ಭಾಷೆ ಅಲ್ಲಿ ಕಲ್ಲಿನಲ್ಲೇ ನಿಂತಿತು. ಪಟ್ಟಿಯ ಭಾಷೆ ಇಂದಿಗೂ ಮಾರುಕಟ್ಟೆಯಲ್ಲಿ ಎಣಿಸುತ್ತಿದೆ.

ಗಡಿನಾಡಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸಾಲಕ್ಕೆ ಅಡವು ಇಡಲು ಬರುವ 1956ರ ಹಿಂದಿನ ಆಧಾರಪತ್ರಗಳನ್ನು ಬ್ಯಾಂಕಿನಲ್ಲಿ ನೋಡುತ್ತೇನೆ. ಬೈಲು, ಮಜಲು, ಪದವು ಎಂದು ಕನ್ನಡದಲ್ಲಿ ಬರೆದ ಚೆಕ್ಕುಬಂದಿ ಇರುತ್ತದೆ. ತಂದ ಮೊಮ್ಮಗನಿಗೆ ಅದನ್ನು ಓದಲು ಬರುವುದಿಲ್ಲ. ಆಂಗ್ಕೋರಿನ ಅಡಿಪಾಯಗಳನ್ನೂ ಸುತ್ತುಗೋಡೆಗಳನ್ನೂ ಕಟ್ಟಿದ್ದು ನಮ್ಮ ಬೇಕಲ ಕೋಟೆಯ ಜಾತಿಯ ಮುರಕಲ್ಲಿನಿಂದಲೇ. ಮಲಯಾಳದಲ್ಲಿ ಚೆಂಗಲ್ಲು ಎನ್ನುವ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್; ಮಲಬಾರಿನ ಅಂಗಾಡಿಪ್ಪುರದಲ್ಲಿ ಕಂಡದ್ದನ್ನು 1807ರ ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ. ಇಲ್ಲಿಯವರು ಅದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ದಾಖಲಿಸಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದವನ್ನೇ ಆರಿಸಿಕೊಂಡ. ಕಂಪೆನಿ ಸರಕಾರದ ಕೆಲಸಕ್ಕಾಗಿ ತಿರುಗಿದವನಾದರೂ ಊರಿನವರ ಮಾತನ್ನು ಕೇಳಿ ಬರೆದ.

ಊರಿನವರನ್ನು ಬಿಟ್ಟ ಚಿತ್ರದಿಂದ ಆಗುವ ನಷ್ಟ ಪುಸ್ತಕದೊಳಗೇ ಉಳಿಯುವುದಿಲ್ಲ. 1992ರಲ್ಲಿ ಆಂಗ್ಕೋರ್ ವಿಶ್ವ ಪರಂಪರೆಯ ತಾಣವಾಯಿತು. ಅದರ ಮೇರೆಯೊಳಗೆ ನೂರಕ್ಕೂ ಹೆಚ್ಚು ಹಳ್ಳಿಗಳಿವೆ. 2022ರಿಂದ ಅಲ್ಲಿನ ಸರಕಾರ ಸುಮಾರು ಹತ್ತು ಸಾವಿರ ಕುಟುಂಬಗಳನ್ನು ದೂರದ ಹೊಸ ನಿವೇಶನಗಳಿಗೆ ಸಾಗಿಸಲು ಹೊರಟಿತು. ಅವರು ಅಕ್ರಮವಾಗಿ ನೆಲೆಸಿದವರು, ಸ್ವಂತ ಇಚ್ಛೆಯಿಂದ ಹೋಗುತ್ತಿದ್ದಾರೆ ಎಂಬುದು ಸರಕಾರದ ಮಾತು. ಬಲವಂತದ ಒಕ್ಕಲೆಬ್ಬಿಸುವಿಕೆ ಎಂಬುದು ಆಮ್ನೆಸ್ಟಿ ಇಂಟರ್‌ನ್ಯಾಶನಲ್ 2023ರಲ್ಲಿ ಹೊರಡಿಸಿದ ವರದಿಯ ಮಾತು. ಜನರಿಲ್ಲದ ದೇವಾಲಯವನ್ನು ನೂರೈವತ್ತು ವರ್ಷ ಓದಿ, ನೋಡಿ ಮೆಚ್ಚಿದ ಲೋಕಕ್ಕೆ, ಜನರೇ ಅಲ್ಲಿ ಅಡ್ಡಿಯಾಗಿ ಕಂಡರೆ ಆಶ್ಚರ್ಯವೇನು?

ಗಡಿಯಾಚೆಯ ಕತೆಯೂ ಇದೆ. ಥಾಯ್ಲೆಂಡಿನ ಸುರಿನ್, ಬುರಿರಾಮ್, ಸಿಸಾಕೆಟ್ ಪ್ರಾಂತಗಳಲ್ಲಿ ಖ್ಮೇರ್ ಗುಡಿಗಳಿವೆ. ಪ್ರವಾಸಿಗರ ಪುಸ್ತಕಗಳು ಫನೋಂ ರುಂಗ್‌ನ ಶಿಲ್ಪವನ್ನು ಪುಟಗಟ್ಟಲೆ ವರ್ಣಿಸುತ್ತವೆ. ಅದೇ ಪ್ರಾಂತಗಳಲ್ಲಿ ಲಕ್ಷಗಟ್ಟಲೆ ಜನ ಮನೆಯಲ್ಲಿ ಇಂದಿಗೂ ಖ್ಮೇರ್ ಆಡುತ್ತಾರೆ. ಶಾಲೆಯ ಭಾಷೆ ಥಾಯ್, ಬಹುಮಂದಿಗೆ ತಮ್ಮ ನುಡಿಯ ಲಿಪಿ ಬರುವುದಿಲ್ಲ. ಇವರಿಗೆ ಅಂಥ ಪುಸ್ತಕಗಳಲ್ಲಿ ಒಂದು ಸಾಲಿನ ಜಾಗ ಸಿಗುವುದೂ ಅಪರೂಪ. ಪ್ರೆಹ್ ವಿಹಾರ್ ದೇವಾಲಯ ಕಾಂಬೋಡಿಯಾದ್ದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ತೀರ್ಪು ಕೊಟ್ಟಿತು. ಗಡಿಯ ಗುಡಿಗಳ ಜಗಳ ಅಲ್ಲಿಗೆ ಮುಗಿಯಲಿಲ್ಲ. 2025ರ ಜುಲೈಯಲ್ಲಿ ತಾ ಮೊಆನ್ ಥೋಮ್ ಗುಡಿಯ ಸುತ್ತ ಆರಂಭವಾದ ಕಾಳಗದಿಂದ ಎರಡೂ ಕಡೆ ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಕಲ್ಲು ಯಾವ ದೇಶದ್ದೆಂದು ಕೇಳಿದವರು ಬಹಳ. ಅದರ ನೆರಳಿನಲ್ಲಿ ಎರಡೂ ಕಡೆ ಒಂದೇ ನುಡಿ ಆಡುವವರು ಯಾರೆಂದು ಕೇಳಿದವರು ಕಡಿಮೆ.

ಕನ್ನಡದಲ್ಲೂ ಮಲಯಾಳದಲ್ಲೂ ಪ್ರವಾಸ ಸಾಹಿತ್ಯಕ್ಕೆ ಬರವಿಲ್ಲ. ವಿಮಾನ ಅಗ್ಗವಾದ ಮೇಲೆ ಆಂಗ್ಕೋರಿಗೆ ಹೋಗಿ ಬಂದು ಬರೆಯುವವರೂ ಹೆಚ್ಚಿದ್ದಾರೆ. 'ನಮ್ಮ ವಿಷ್ಣು, ನಮ್ಮ ರಾಮಾಯಣ' ಎಂದು ಹಿಗ್ಗುವುದು ಅವರಲ್ಲಿ ಕೆಲವರ ಅಭ್ಯಾಸ. ಅದು ಮುವೊನ ಹಾದಿಯೇ. ಕಟ್ಟಿದ ಕೀರ್ತಿಯನ್ನು ಅಲ್ಲಿನವರಿಂದ ಕಸಿದು ಬೇರೊಬ್ಬರಿಗೆ ಕೊಡುವ ಕೆಲಸ. ಆಂಗ್ಕೋರ್ ವಾಟ್‌ನ ಪಶ್ಚಿಮ ದ್ವಾರದಲ್ಲಿ ಎಂಟು ಕೈಗಳ ವಿಷ್ಣುವಿನ ವಿಗ್ರಹವಿದೆ. ಊರಿನವರು ಅದಕ್ಕೆ ಹೂವು, ಊದುಕಡ್ಡಿ ಇಟ್ಟು 'ತಾ ರೀಚ್' ಎಂದು ಕೈಮುಗಿಯುತ್ತಾರೆ. 'ತಾ' ಎಂದರೆ ಅವರ ನುಡಿಯಲ್ಲಿ ಅಜ್ಜ. ವಿಷ್ಣುವನ್ನು ಗುರುತಿಸಲು ನಮಗೆ ಯಾವ ಪುಸ್ತಕವೂ ಬೇಕಾಗಿಲ್ಲ. ಆ ಅಜ್ಜನನ್ನು ನಮಗೆ ಪರಿಚಯಿಸಬಲ್ಲ ಪ್ರವಾಸಕಥನ ನಮ್ಮ ಎರಡು ಭಾಷೆಗಳಲ್ಲಿ ಒಂದರಲ್ಲಾದರೂ ಬರಲಿ.