ಗರ್ಭಸ್ಥ ಶಿಶುವಿನ ರಕ್ತಹೀನತೆಯ ನಿದಾನ: ಅದರ ಚರಿತ್ರೆಯ ರಚನೆಯನ್ನು ಕುರಿತು ಒಂದು ವಿಮರ್ಶೆ

ತಾಯಿಯ ಉದರದಲ್ಲಿರುವ ಶಿಶುವಿಗೆ ತೀವ್ರವಾದ ರಕ್ತಹೀನತೆಯುಂಟಾಗಿದೆಯೆಂಬುದನ್ನು ಜನನಕ್ಕೆ ಮೊದಲೇ ನಿರ್ಣಯಿಸುವ ವಿದ್ಯೆಯು ಸುಮಾರು ಎಪ್ಪತ್ತು ವರ್ಷಗಳಿಂದೀಚೆಗೆ ಬೆಳೆದುಬಂದುದು. ಇದರ ಚರಿತ್ರೆಯನ್ನು ಹೆಚ್ಚಾಗಿ ವೈದ್ಯರೇ ಬರೆದಿದ್ದಾರೆ. ಅವರ ಬರಹಗಳಲ್ಲಿ ಸಾಮಾನ್ಯವಾಗಿ ಒಂದೇ ಕಥಾಕ್ರಮವು ಕಂಡುಬರುತ್ತದೆ: ಮೊದಲು ಕತ್ತಲೆ, ಬಳಿಕ ಸೂಜಿ, ಅನಂತರ ಯಂತ್ರ, ಕೊನೆಗೆ ಬೆಳಕು. ಈ ಕ್ರಮವು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಚಿಕಿತ್ಸೆಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಸಾಕ್ಷ್ಯವನ್ನು ತೂಗುವುದು, ಕಾಲವನ್ನು ನಿರ್ಣಯಿಸುವುದು, ಕಾಣದುದನ್ನು ಕಂಡುದರಿಂದ ಊಹಿಸುವುದು ಇತಿಹಾಸಕಾರನ ಕಸುಬೂ ಆಗಿರುವುದರಿಂದ ಈ ವಿಚಾರವನ್ನು ಎತ್ತಿಕೊಂಡಿದ್ದೇವೆ.

1

ಈ ಚರಿತ್ರೆಗಳು ಬಹುಮಟ್ಟಿಗೆ 1609ರಿಂದ ಮೊದಲಾಗುತ್ತವೆ. ಆ ವರ್ಷ ಫ್ರಾನ್ಸಿನ ಸೂಲಗಿತ್ತಿ ಲೂಯೀಸ್ ಬೂರ್ಜ್ವಾ ಅವಳಿ ಶಿಶುಗಳ ಒಂದು ಪ್ರಸಂಗವನ್ನು ಬರೆದಿಟ್ಟಳು. ಒಂದು ಶಿಶು ನೀರು ತುಂಬಿ ಊದಿಕೊಂಡಿತ್ತು, ಇನ್ನೊಂದು ಕಾಮಾಲೆಯಿಂದ ಹಳದಿಯಾಗಿತ್ತು, ಎರಡೂ ಉಳಿಯಲಿಲ್ಲ. ಇದನ್ನು ಆರ್‌ಎಚ್ ರೋಗದ ಪ್ರಥಮ ವರ್ಣನೆಯೆಂದು ಈಗಿನವರು ಹೇಳುತ್ತಾರೆ. ವರ್ಣನೆಯು ಹೊಂದುವುದೇನೋ ನಿಜ. ಆದರೆ ಹೊಂದಿಕೆಯು ಪ್ರಮಾಣವಾಗಲಾರದು. ಊತಕ್ಕೂ ಕಾಮಾಲೆಗೂ ಬೇರೆ ಕಾರಣಗಳಿರಬಹುದು.

ಇದಕ್ಕಿಂತ ಧೈರ್ಯದ ಊಹೆಯೊಂದು 2010ರಲ್ಲಿ 'ಹಿಸ್ಟಾರಿಕಲ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ರಾಣಿಯರಿಗೆ ಒದಗಿದ ಗರ್ಭನಷ್ಟಗಳಿಗೆ ರಾಜನ ರಕ್ತದಲ್ಲಿದ್ದ 'ಕೆಲ್' ಎಂಬ ಗುಣವೇ ಕಾರಣವೆಂದು ವಿಟ್ಲಿ ಮತ್ತು ಕ್ರೇಮರ್ ಎಂಬ ಲೇಖಕಿಯರು ವಾದಿಸಿದರು. ಮೊದಲ ಶಿಶು ಉಳಿದು ಮುಂದಿನವು ಅಳಿಯುವುದು ಇಂತಹ ರೋಗದ ಲಕ್ಷಣ. ಆದರೆ ಮೊದಲ ರಾಣಿಯ ಉಳಿದ ಮಗಳಾದ ಮೇರಿ ಚೊಚ್ಚಲ ಗರ್ಭದವಳಲ್ಲ. ಅವಳಿಗೆ ತಂದೆಯ ಆ ಗುಣವು ಬರಲಿಲ್ಲವೆಂಬುದು ಲೇಖಕಿಯರ ಸಮಾಧಾನ. ಅನುಕೂಲವಾದ ಸಾಕ್ಷ್ಯವನ್ನೂ ಪ್ರತಿಕೂಲವಾದ ಸಾಕ್ಷ್ಯವನ್ನೂ ಒಂದೇ ಊಹೆಯು ನುಂಗಿಕೊಳ್ಳುವುದಾದರೆ ಅದನ್ನು ಪರೀಕ್ಷಿಸುವ ಬಗೆ ಯಾವುದು? ರಾಜನ ರಕ್ತದ ಒಂದು ತೊಟ್ಟೂ ಪರೀಕ್ಷೆಗೆ ದೊರೆತಿಲ್ಲ.

2

ದೃಢವಾದ ನೆಲವು ನಮಗೆ ದೊರೆಯುವುದು 1939ರಿಂದ. ಮೃತಶಿಶುವನ್ನು ಹೆತ್ತ ಸ್ತ್ರೀಯೊಬ್ಬಳಿಗೆ ಗಂಡನ ರಕ್ತವನ್ನು ಕೊಟ್ಟಾಗ ಆಕೆಯ ದೇಹವು ಅದನ್ನು ಉಗ್ರವಾಗಿ ತಿರಸ್ಕರಿಸಿದುದನ್ನು ಲೆವೀನ್ ಮತ್ತು ಸ್ಟೆಟ್ಸನ್ ಎಂಬ ಅಮೆರಿಕದ ವೈದ್ಯರು ಆ ವರ್ಷ ವರದಿ ಮಾಡಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದು ಶಿಶು ಪಾಸಿಟಿವ್ ಆಗಿದ್ದರೆ, ಶಿಶುವಿನ ರಕ್ತಕಣಗಳನ್ನು ಕಂಡ ತಾಯಿಯ ದೇಹವು ಪ್ರತಿಕಾಯಗಳನ್ನು ರಚಿಸಬಹುದು. ಅವು ಮುಂದಿನ ಗರ್ಭದ ಶಿಶುವನ್ನು ಸೇರಿ ಅದರ ಕೆಂಪು ಕಣಗಳನ್ನು ನಾಶಮಾಡುತ್ತವೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಶಿಶುವಿನ ರೋಗವು ಮೊದಲು ತಿಳಿದುಬಂದದ್ದು ತಾಯಿಯ ರಕ್ತದಿಂದ ಮತ್ತು ತಾಯಿಯ ಪೂರ್ವವೃತ್ತಾಂತದಿಂದ.

1952ರಲ್ಲಿ ಮ್ಯಾಂಚೆಸ್ಟರಿನ ಬೆವಿಸ್ ಗರ್ಭಚೀಲದ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದನು. ಕಣಗಳು ಒಡೆದಾಗ ಹುಟ್ಟುವ ಹಳದಿಯ ಬಿಲಿರುಬಿನ್ ಆ ನೀರಿನಲ್ಲಿ ಸೇರುತ್ತದೆ. ನ್ಯೂಜಿಲೆಂಡಿನ ಲೈಲಿ 1961ರಲ್ಲಿ ಈ ಹಳದಿಯ ಅಳತೆಯನ್ನು ಗರ್ಭದ ವಾರಗಳಿಗೆ ಹೊಂದಿಸಿ ಮೂರು ವಲಯಗಳ ಪ್ರಸಿದ್ಧ ನಕ್ಷೆಯನ್ನು ರಚಿಸಿದನು; 1963ರಲ್ಲಿ ಗರ್ಭದೊಳಗಿನ ಶಿಶುವಿನ ಉದರಕ್ಕೆ ರಕ್ತವನ್ನು ಕೊಟ್ಟನು. 1983ರಲ್ಲಿ ಫ್ರಾನ್ಸಿನ ಡಾಫೋಸ್ ಸ್ಕ್ಯಾನಿಂಗಿನ ನೆರವಿನಿಂದ ಹೊಕ್ಕುಳಬಳ್ಳಿಯಿಂದಲೇ ಶಿಶುವಿನ ರಕ್ತವನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಸಾಕ್ಷಿಯನ್ನೇ ನೇರವಾಗಿ ಕೇಳಿದಂತಾಯಿತು. ಆದರೆ ನೂರಕ್ಕೆ ಒಂದೆರಡು ಗರ್ಭಗಳು ಈ ಪರೀಕ್ಷೆಯಿಂದಲೇ ನಷ್ಟವಾಗುವ ಅಪಾಯವಿತ್ತು. ಕಥಾಕ್ರಮವು ಹೇಳುವಂತೆ ಪ್ರಗತಿಯೆಂದರೆ ಶಿಶುವಿಗೆ ಇನ್ನಷ್ಟು ಸಮೀಪಿಸುವುದೇ ಆಗಿದ್ದರೆ ಚರಿತ್ರೆಯು ಇಲ್ಲಿಯೇ ಮುಗಿಯಬೇಕಾಗಿತ್ತು. ಅದು ಮುಗಿಯಲಿಲ್ಲ, ಪರೋಕ್ಷ ಸಾಕ್ಷ್ಯದ ಕಡೆಗೇ ಮರಳಿತು.

3

ಈ ಮರಳುವಿಕೆಯ ಅರ್ಥವನ್ನು ತಿಳಿಯಲು ಕೆಲ್ ಗುಣವೇ ನಮಗೆ ನೆರವಾಗುತ್ತದೆ. ಕೆಲ್‌ಗೆ ವಿರೋಧವಾದ ಪ್ರತಿಕಾಯಗಳು ಕಣಗಳನ್ನು ಒಡೆಯುವುದಕ್ಕಿಂತ ಹೆಚ್ಚಾಗಿ ಅವುಗಳ ಉತ್ಪತ್ತಿಯನ್ನೇ ಕುಗ್ಗಿಸುತ್ತವೆ. ಒಡೆಯುವ ಕಣಗಳು ಕಡಮೆಯಾದರೆ ನೀರಿನ ಹಳದಿಯೂ ಕಡಮೆ. ಶಿಶು ಬಿಳಿಚಿಕೊಂಡು ಸಾವಿನ ಸಮೀಪದಲ್ಲಿದ್ದರೂ ಲೈಲಿಯ ನಕ್ಷೆಯು ಅಪಾಯವಿಲ್ಲವೆಂದು ತೋರಿಸಬಹುದು. ನಕ್ಷೆ ಸುಳ್ಳು ಹೇಳಲಿಲ್ಲ. ಅದು ಉತ್ತರ ಕೊಟ್ಟದ್ದು ನಾಶವೆಷ್ಟು ಎಂಬ ಪ್ರಶ್ನೆಗೆ. ವೈದ್ಯನಿಗೆ ಬೇಕಾಗಿದ್ದುದು ಕೊರತೆಯೆಷ್ಟು ಎಂಬುದರ ಉತ್ತರ. ಒಂದು ಶಾಸನದಲ್ಲಿ ದಾನದ ಉಲ್ಲೇಖವಿಲ್ಲದಿದ್ದರೆ ದಾನವೇ ನಡೆಯಲಿಲ್ಲವೆನ್ನುವ ತಪ್ಪಿಗೂ ಇದಕ್ಕೂ ಭೇದವಿಲ್ಲ.

ಪ್ರಶ್ನೆಯನ್ನು ಬದಲಿಸಿದ್ದು 2000ದಲ್ಲಿ ಮಾರಿ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ. ತೆಳುವಾದ ರಕ್ತವು ವೇಗವಾಗಿ ಹರಿಯುತ್ತದೆ. ಶಿಶುವಿನ ಮಿದುಳಿನ ಮಧ್ಯಧಮನಿಯಲ್ಲಿ ಆ ವೇಗವನ್ನು ಡಾಪ್ಲರ್ ಕ್ರಮದಿಂದ ಹೊರಗಿನಿಂದಲೇ ಅಳೆಯಬಹುದು. ಆಯಾ ವಾರದ ಮಧ್ಯಾಂಕದ ಒಂದೂವರೆ ಪಟ್ಟಿಗಿಂತ ವೇಗವು ಹೆಚ್ಚಿದ್ದರೆ ರಕ್ತಹೀನತೆಯನ್ನು ಶಂಕಿಸಬೇಕು. ಅಪಾಯವಿದ್ದ 111 ಶಿಶುಗಳಲ್ಲಿ ಮಧ್ಯಮ ಮತ್ತು ತೀವ್ರ ರಕ್ತಹೀನತೆಯ ಒಂದು ಪ್ರಸಂಗವೂ ತಪ್ಪಿಹೋಗಲಿಲ್ಲ. ಹುಸಿ ಶಂಕೆಯು ಶೇಕಡಾ 12. 2006ರಲ್ಲಿ ಓಪ್ಕೆಸ್ ಮತ್ತು ಸಂಗಡಿಗರು 165 ಶಿಶುಗಳಲ್ಲಿ ಎರಡು ಕ್ರಮಗಳನ್ನೂ ಹೋಲಿಸಿದಾಗ ತೀವ್ರ ರಕ್ತಹೀನತೆಯ ಪ್ರಸಂಗಗಳಲ್ಲಿ ಡಾಪ್ಲರ್ ಶೇಕಡಾ 88ನ್ನೂ ಗರ್ಭೋದಕದ ಪರೀಕ್ಷೆಯು ಶೇಕಡಾ 76ನ್ನೂ ಗುರುತಿಸಿದುವು.

ಇದನ್ನು ಯಂತ್ರದ ವಿಜಯವೆಂದು ಕರೆಯುವವರು ಒಂದು ಮಾತನ್ನು ಮರೆಯುತ್ತಾರೆ. ಮಧ್ಯಾಂಕವು ವಾರದಿಂದ ವಾರಕ್ಕೆ ಏರುತ್ತದೆ. ಗರ್ಭದ ವಯಸ್ಸನ್ನು ಇದ್ದುದಕ್ಕಿಂತ ಹೆಚ್ಚಾಗಿ ಎಣಿಸಿದರೆ, ಅಪಾಯದ ವೇಗವೂ ಸಹಜವೆಂದು ತೋರಬಹುದು. ಕಡೆಯ ಮುಟ್ಟಿನ ದಿನಾಂಕ ಅಥವಾ ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್ ಇಲ್ಲದೆ ಆ ಸಂಖ್ಯೆಗೆ ಭದ್ರವಾದ ಅರ್ಥವಿಲ್ಲ. ಕಾಲನಿರ್ಣಯವಿಲ್ಲದ ಸಾಕ್ಷ್ಯದ ಗತಿ ನಮ್ಮ ಶಾಸ್ತ್ರದವರಿಗೆ ತಿಳಿದದ್ದೇ. 35 ವಾರಗಳು ಕಳೆದ ಮೇಲಂತೂ ಹುಸಿ ಶಂಕೆಗಳು ಹೆಚ್ಚುತ್ತವೆ.

4

ಇನ್ನು ನಮ್ಮ ನಾಡಿನ ವಿಚಾರ. ಯುರೋಪಿನ ಜನರಲ್ಲಿ ಸುಮಾರು ಶೇಕಡಾ 15 ಮಂದಿ ಆರ್‌ಎಚ್ ನೆಗೆಟಿವ್. ಭಾರತದಲ್ಲಿ ಸುಮಾರು ಶೇಕಡಾ 5. ಪ್ರಮಾಣವು ಚಿಕ್ಕದೆಂಬ ಕಾರಣದಿಂದ ವಿಷಯವು ಚಿಕ್ಕದಾಗದು. ಕೊಕ್ಕರ್ಣೆಯ ಒಬ್ಬ ಗರ್ಭಿಣಿಯನ್ನು ಉದಾಹರಣೆಗಾಗಿ ಭಾವಿಸೋಣ. ಬ್ರಹ್ಮಾವರದ ಮಾರ್ಗವಾಗಿ ಉಡುಪಿ, ಮಣಿಪಾಲಗಳ ಆಸ್ಪತ್ರೆಗಳು ಅವಳಿಗೆ ದೂರವಲ್ಲ. ಮಣಿಪಾಲದ ವೈದ್ಯಕೀಯ ಕಾಲೇಜು 1953ರಿಂದಲೂ ಇದೆ. ಆದರೆ ಅವಳನ್ನು ಡಾಪ್ಲರ್ ಪರೀಕ್ಷೆಗೆ ಕಳುಹಿಸಬೇಕೆಂಬ ನಿರ್ಣಯವು ಹುಟ್ಟುವುದು ಯಂತ್ರದ ಮುಂದೆ ಅಲ್ಲ. ರಕ್ತದ ಗುಂಪು, ಕಡೆಯ ಮುಟ್ಟಿನ ದಿನ, ಹಿಂದಿನ ಗರ್ಭಗಳ ಗತಿ — ಇವನ್ನು ಬರೆಯುವ ತಾಯಿ ಕಾರ್ಡಿನ ಪುಟದಲ್ಲಿ ಅದು ಹುಟ್ಟಬೇಕು. ನೆಗೆಟಿವ್ ಎಂದು ತಿಳಿದರೆ ಕೂಂಬ್ಸ್ ಪರೀಕ್ಷೆ, ಪ್ರತಿಕಾಯಗಳಿಲ್ಲದಿದ್ದರೆ 28ನೆಯ ವಾರದಲ್ಲಿಯೂ, ಶಿಶು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಗಳೊಳಗೂ ಆಂಟಿ-ಡಿ ಚುಚ್ಚುಮದ್ದು, ಇದ್ದರೆ ಡಾಪ್ಲರ್. ಪುಟವು ಖಾಲಿಯಾದರೆ ಈ ಸರಪಳಿಯ ಮೊದಲ ಕೊಂಡಿಯೇ ಇಲ್ಲ.

ಖಾಲಿ ಪುಟವನ್ನು ತುಂಬಲು ಬೇರೆ ವಿವರಣೆಗಳು ಸಿದ್ಧವಾಗಿರುತ್ತವೆ. ಸಂತಾನನಷ್ಟಕ್ಕೆ ನಾಗದೋಷವನ್ನು ಕಾರಣವೆನ್ನುವುದು ನಮ್ಮ ಕರಾವಳಿಯಲ್ಲಿ ಇಂದಿಗೂ ಅಪರೂಪವಲ್ಲ. ಆ ನಂಬಿಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದುಃಖಕ್ಕೆ ಒಂದು ಸಾಂತ್ವನ ಬೇಕು. ಆದರೆ ಎರಡನೆಯ, ಮೂರನೆಯ ಕೂಸು ಕೈಬಿಟ್ಟಾಗ ದೋಷದ ಭಾರವು ಹೆಚ್ಚಾಗಿ ಬೀಳುವುದು ಸೊಸೆಯ ತಲೆಯ ಮೇಲೆ. ಗುಂಪು ತಿಳಿದಿದ್ದರೆ ಆ ಭಾರವು ಇಳಿಯುತ್ತಿತ್ತು, ಶಿಶುವೂ ಉಳಿಯಬಹುದಾಗಿತ್ತು.

ನಮ್ಮ ವಾದಕ್ಕೂ ಒಂದು ಮಿತಿಯುಂಟು. ಪಾರ್ವೋ ವೈರಾಣುವಿನ ಸೋಂಕು ಯಾವ ಪೂರ್ವವೃತ್ತಾಂತವೂ ಇಲ್ಲದ ಗರ್ಭದಲ್ಲಿ ರಕ್ತಹೀನತೆಯನ್ನು ತರಬಲ್ಲದು. ಅಲ್ಲಿ ಡಾಪ್ಲರಿನ ಉಪಕಾರವನ್ನು ಎಷ್ಟು ಹೇಳಿದರೂ ಸಾಲದು. ಆದಾಗ್ಯೂ ಒಟ್ಟಿನಲ್ಲಿ ಈ ವಿದ್ಯೆಯು ಮುಂದುವರಿದದ್ದು ಕಡಮೆ ಹಾನಿ ಮಾಡುವ ಸಾಕ್ಷಿಗೆ ಸರಿಯಾದ ಪ್ರಶ್ನೆಯನ್ನು ಕೇಳಿದುದರಿಂದ. ಅವುಗಳಲ್ಲಿ ಮೊದಲನೆಯ ಸಾಕ್ಷಿ ತಾಯಿ. ವೈದ್ಯರ ಹೆಸರುಗಳಿಂದ ತುಂಬಿರುವ ಚರಿತ್ರೆಗಳಲ್ಲಿ ಅವಳಿಗೆ ಸ್ಥಳ ದೊರೆತಿಲ್ಲ. ಗ್ರಾಮಗಳ ಆರೋಗ್ಯಕೇಂದ್ರಗಳಲ್ಲಿ ಉಳಿದಿರಬಹುದಾದ ಹಳೆಯ ಹೆರಿಗೆ ದಾಖಲೆಪುಸ್ತಕಗಳನ್ನು, ಅವುಗಳಲ್ಲಿನ ಹೆಸರುಗಳ ಗೌಪ್ಯವನ್ನು ಕಾಪಾಡಿಕೊಂಡು, ಗೆದ್ದಲಿಗೆ ಸಿಕ್ಕುವ ಮೊದಲೇ ಸಂಗ್ರಹಿಸಿ ಅಭ್ಯಸಿಸುವುದು ನಮ್ಮ ವಿಭಾಗದ ಸಂಶೋಧಕರಿಗೆ ಯೋಗ್ಯವಾದ ಕಾರ್ಯವೆಂದು ನಾವು ಭಾವಿಸುತ್ತೇವೆ.